ತಟ್ಟುವವನಿಗೆ ಹೆಸರಿಲ್ಲ

೧೮ ಏಪ್ರಿಲ್ ೧೯೧೫, ಭಾನುವಾರ
ಮುದ್ರೋಸ್ ಬಂದರು. ಹಡಗಿನ ಮೇಲೆ.

ಇವತ್ತೂ ಅದೇ ತಾಲೀಮು. ಹಗ್ಗದ ಏಣಿ ಇಳಿ, ಬೋಟಿನಲ್ಲಿ ಕೂರು, ಮತ್ತೆ ಹತ್ತು. ಬೆಳಗಿನಿಂದ ಹನ್ನೊಂದು ಸಲ. ಬೆನ್ನಿಗೆ ಬಲಿತ ಕುರಿಯಷ್ಟು ಭಾರ — ಇನ್ನೂರು ತೋಟಾ, ಮೂರು ದಿನದ ಬಿಸ್ಕತ್ತು, ಕಂಬಳಿ, ಸಣ್ಣ ಗುದ್ದಲಿ. ಹನ್ನೆರಡು ವರ್ಷ ಗಣಿಯೊಳಗೆ ಆಸರೆಗಂಬ ಹೊತ್ತು ನಿಲ್ಲಿಸಿದ ಅಂಗೈ ಇದು. ಮರಕ್ಕೆ ಸುಲಿಯದ ಅಂಗೈ ಹಗ್ಗಕ್ಕೆ ಸುಲಿಯಿತು! ಅವಮಾನ.

ಏಣಿಯ ನಡುವೆ ನೇತಾಡುತ್ತ ಶದ್ರಕ್ ಕೂಗಿದ. ಬಾಯಲ್ಲಿ ಇರುವುದು ಒಂದೇ ಹಲ್ಲು, ಆ ಒಂದಕ್ಕೇ ಮೂವತ್ತೆರಡರ ಹರಿತ.

"ಗಣಿಗಿಳಿಯೋಕೆ ಪಂಜರನಾದ್ರೂ ಕೊಡ್ತಿದ್ರು. ಇಲ್ಲಿ ಸಾಯೋಕೂ ನಾವೇ ನೇತಾಡ್ಕೊಂಡು ಇಳೀಬೇಕಲ್ಲಪ್ಪೋ!"

ಇಡೀ ತುಕಡಿ ನಕ್ಕಿತು. ಮೂವತ್ತೆಂಟು ಜನ. ಎಲ್ಲರೂ ವೇಲ್ಸಿನ ಒಂದೇ ಕಣಿವೆಯವರು, ಒಂದೇ ಕಲ್ಲಿದ್ದಲ ಗಣಿಯವರು. ಸಾರ್ಜೆಂಟ್ ಮೊರ್ದೆಕೈ ರೀಸ್ ಕೂಡ. ಸೈನ್ಯ ಅವರ ತೋಳಿಗೆ ಮೂರು ಪಟ್ಟಿ ಹೊಲಿದಿದೆ. ನಮಗೆ ಮಾತ್ರ ಇಂದಿಗೂ ಮೇಸ್ತ್ರಿ.

ಮಧ್ಯಾಹ್ನ ಶದ್ರಕ್ಕನದೇ ಇನ್ನೊಂದು ಪ್ರತಾಪ. ಕೂರಲು ಹಲಗೆ ಬೇಕೆಂದು ಬಿಸ್ಕತ್ತಿನ ಪೆಟ್ಟಿಗೆಗಳ ರಾಶಿಯ ಕೆಳಗಿಂದ ಒಂದನ್ನು ಎಳೆದ. ಧಡ ಧಡ ಧಡ! ಹದಿನೆಂಟು ಪೆಟ್ಟಿಗೆ ಅವನ ಮೇಲೆ. ಮೇಸ್ತ್ರಿ ಕಿವಿ ಹಿಡಿದು ಎಬ್ಬಿಸಿದರು.

"ಕಂಬ ಕೀಳೋ ಮುಂಚೆ ತಲೆ ಎತ್ತಿ ನೋಡೋ ಮುಂಡೇದೆ! ಅದ್ರ ಮೇಲೆ ಏನ್ ಕೂತೈತೆ ಅಂತ! ಇಪ್ಪತ್ತು ವರ್ಷ ಗಣೀಲಿ ಕಲ್ತಿದ್ದು ಇಷ್ಟೇನಾ?"

"ನಾನು ಕಲ್ಲಿದ್ದಲು ಕಡಿಯೋನು ಮೇಸ್ತ್ರಿ. ಕಂಬದ ವಿದ್ಯೆ ಗೋಮರ್ ಪ್ರಾಸರ್ ಮಹಾರಾಜರದು."

ಗೋಮರ್ ಪ್ರಾಸರ್ ಮಹಾರಾಜ ಎಂದರೆ ನಾನೇ. ಕಿರೀಟವಿಲ್ಲದ ತಲೆ ಬಾಗಿಸಿ, ಗತ್ತಿನಿಂದ ವಂದಿಸಿದೆ. ಚಪ್ಪಾಳೆ ಬಿತ್ತು. ಎಲ್ಲಿದ್ದರೇನು, ಚಪ್ಪಾಳೆ ಚಪ್ಪಾಳೆಯೇ.


೨೧ ಏಪ್ರಿಲ್, ಬುಧವಾರ

ಗಾಳಿ. ತಾಲೀಮು ರದ್ದು. ಮೇಲಿನಿಂದ ಅಪ್ಪಣೆ — ಹುಡುಗರ ಮನಸ್ಸು ಹಗುರಾಗಲಿ, ಏನಾದರೂ ಆಡಿ. ಏನಾದರೂ ಅಂದರೆ ನಮಗೆ ಒಂದೇ! ಊರಿನ ಗಣಿ ಕಾರ್ಮಿಕರ ಸಭಾಂಗಣದಲ್ಲಿ ಆರು ವರ್ಷ, ಪ್ರತಿ ಕ್ರಿಸ್ಮಸ್ಸಿಗೆ ಆಡಿದ್ದು. ಮೋಶೆಯ ನಾಟಕ. ನನ್ನದು ಫರೋಹನ ಪಾರ್ಟು — ಮೋಶೆಯ ಜನರನ್ನು ಬೆನ್ನಟ್ಟಿ ಬಂದು ಕೆಂಪು ಸಮುದ್ರದಲ್ಲಿ ಮುಳುಗುವ ರಾಜ. ಈ ಗಂಟಲು ಇರುವುದೇ ಅದಕ್ಕೆ.

ಹಡಗಿನ ಡೆಕ್ಕೇ ರಂಗ. ಕಂಬಳಿಯೇ ಪರದೆ. ಸಮುದ್ರಕ್ಕೆ ನಾವಿಕರು ನೀಲಿ ಬಟ್ಟೆ ಕೊಟ್ಟರು. ಆ ಬಟ್ಟೆಯಡಿ ಎಂದಿನಂತೆ ಹೇಡನ್ ಬೆನನ್. ನನ್ನ ತಂಗಿ ಓಲ್ವೆನ್‌ಳ ಗಂಡ, ಗಣಿಯಲ್ಲಿ ನನ್ನ ಜೋಡಿ — ಅವನು ಕಡಿಯುತ್ತಾನೆ, ನಾನು ಮೇಲಿನ ಕಲ್ಲು ಬೀಳದಂತೆ ಕಂಬ ಕೊಡುತ್ತೇನೆ. ಸಣ್ಣ ದನಿಯವನು. ಆರು ವರ್ಷದಲ್ಲಿ ಒಂದು ಮಾತಿನ ಪಾರ್ಟೂ ಬೇಡ ಅಂದವನು. ಬಟ್ಟೆಯಡಿ ಮಲಗಿ ಅಲೆ ಎಬ್ಬಿಸುವುದೇ ಅವನ ಪಾರ್ಟು. ಸಮಯ ಬಂದಾಗ ಹಲಗೆಯ ಮೇಲೆ ಮೂರು ಸಲ ತಟ್ಟುತ್ತಾನೆ. ಆಗ ನಾನು ಮುಳುಗಬೇಕು.

ಮುಳುಗಲಿಲ್ಲ. ಅಬ್ಬರಿಸುತ್ತಲೇ ಇದ್ದೆ. ಎಂಟುನೂರು ಸಿಪಾಯಿಗಳು ಕಣ್ಣು ಬಿಟ್ಟು ನೋಡುತ್ತಿರುವಾಗ ಯಾವ ರಾಜ ಮುಳುಗುತ್ತಾನೆ! ಕೊನೆಗೆ ಹೇಡನ್ ಕಾಲು ಹಿಡಿದು ಎಳೆದ. ಬಿದ್ದೆ. ಜನ ಹುಚ್ಚೆದ್ದು ನಕ್ಕರು.

ಆಮೇಲೆ ಚಹಾ ಹೀರುತ್ತ ಹೇಡನ್ ಅಂದ: "ಮೂರ್ ಸಲ ಅಲ್ಲ ಭಾವ, ಒಂಬತ್ ಸಲ ತಟ್ಟಿದೆ. ನೀನು ಬಾಯಿ ಬಿಟ್ರೆ ಕೆಳಗಿರೋನು ಸತ್ನಾ ಬದುಕಿದ್ನಾ ನಿಂಗೆ ಗೊತ್ತಾಗಲ್ಲ ಬಿಡು."

"ರಾಜನಿಗೆ ಬಾಯಿ ಇರ್ತದೆ, ಕಿವಿ ಮಂತ್ರಿಗಿರ್ತದೆ" ಅಂದೆ.

ನಕ್ಕ. ಅವನು ನಕ್ಕರೂ ಸದ್ದಾಗುವುದಿಲ್ಲ.

ಅವನ ಕಿವಿಯಿಂದಲೇ ನಾನು ಇದ್ದೇನೆ. ೧೯೦೯. ಕುಸಿತ. ಎರಡು ಹಗಲು, ಎರಡು ರಾತ್ರಿ ಕಲ್ಲಿನಡಿ ಇದ್ದೆ. ಆಗ ಕೂಗಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ನಮ್ಮ ಗಣಿಯ ಪದ್ಧತಿಯಂತೆ ತಟ್ಟಿದೆ. ಮೊದಲು ಮೂರು. ಸ್ವಲ್ಪ ಬಿಟ್ಟು, ಎಷ್ಟು ಜನ ಬದುಕಿದ್ದಾರೋ ಅಷ್ಟು. ನನ್ನದು ಮೂರು, ಆಮೇಲೆ ಒಂದು. ಎಲ್ಲರೂ ಕೈ ಬಿಟ್ಟ ಮೇಲೆ ಹೇಡನ್ ಒಬ್ಬನೇ ಗೋಡೆಗೆ ಕಿವಿ ಕೊಟ್ಟು ಕೂತಿದ್ದನಂತೆ. ಅವನಿಗೆ ಕೇಳಿತು.


೨೪ ಏಪ್ರಿಲ್, ಶನಿವಾರ

ಹೊರಟಿದ್ದೇವೆ. ನಾಳೆ ಬೆಳಗಿಗೆ ತುರ್ಕರ ನೆಲದ ಮೇಲೆ ಇಳಿಯುವುದು. ಮರಳ ತೀರ, ಅರ್ಧಚಂದ್ರನ ಆಕಾರ, ಬಲಕ್ಕೆ ಹಳೆಯ ಕೋಟೆ, ಹಿಂದೆ ಗುಡ್ಡ. ಲೆಫ್ಟಿನೆಂಟ್ ಆಶ್ಕೂಮ್ ನಕ್ಷೆ ತೋರಿಸಿದರು. ಇಂಗ್ಲಿಷರು, ಇಪ್ಪತ್ತೆರಡು ವರ್ಷ, ನಮ್ಮ ಕಣಿವೆಯ ಒಂದು ಪದವೂ ಬಾರದು. ಕೆಟ್ಟವರಲ್ಲ.

"ಒಂದು ಮಾತು ಗಮನದಲ್ಲಿಡಿ. ಪಕ್ಕದವನು ಬಿದ್ದರೆ ನಿಲ್ಲಬೇಡಿ. ಯಾರಿಗೋಸ್ಕರವೂ ನಿಲ್ಲಬೇಡಿ. ನಿಂತವನೂ ಸಾಯುತ್ತಾನೆ."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು.

"ಬಿದ್ದೋನಿಗೆ ನಿಲ್ಲಲ್ಲ ಸರ್. ಹೂತೋದೋನಿಗೆ ನಿಲ್ತೀವಿ. ಅದು ನಮ್ಮ ಗಣಿ ಪದ್ಧತಿ."

"ಇದು ಗಣಿಯಲ್ಲ, ಸಾರ್ಜೆಂಟ್."

"ಹೌದು ಸರ್. ಆದ್ರೆ ನಾವು ಗಣಿಯೋರು."

ಮುಷ್ಕರದ ವರ್ಷ ಹೀಗೆಯೇ ಆಗಿತ್ತು. ಮುಷ್ಕರ ಮುರಿಯಲು ಕಂಪನಿಯ ಕಡೆಯಿಂದ ಇಳಿದವನೊಬ್ಬ ಕುಸಿತಕ್ಕೆ ಸಿಕ್ಕಿದ. ಅವನ ಮನೆ ಬಾಗಿಲಿಗೆ ನಾವೇ ಸಗಣಿ ಎರಚಿದ್ದೆವು. ಒಳಗಿನಿಂದ ತಟ್ಟುತ್ತಿದ್ದಾನೆ — ಮೂರು, ಆಮೇಲೆ ಒಂದು. ಅಗೆಯಬೇಕೋ ಬೇಡವೋ? ಕೈಕಟ್ಟಿ ನಿಂತೆವು. ಮೇಸ್ತ್ರಿ ಅಂಗಿ ಬಿಚ್ಚಿದರು. ಅವತ್ತು ಹೇಳಿದ ಮಾತು ಕಣಿವೆಯಲ್ಲಿ ಎಲ್ಲರಿಗೂ ಬಾಯಿಪಾಠ: "ತಟ್ಟೋನಿಗೆ ಹೆಸರಿಲ್ಲ. ಎಣಿಸಿ. ಅಗೀರಿ."

ಸಂಜೆ ಓಲ್ವೆನ್‌ಳ ಪತ್ರ ಇನ್ನೊಮ್ಮೆ ಓದಿದ ಹೇಡನ್. ಜೂನಿನಲ್ಲಿ ಹೆರಿಗೆ. ಸ್ಟೇಷನ್ನಿನಲ್ಲಿ ಅವಳು ಗಂಡನ ಮುಂದೆ ಅಳಲಿಲ್ಲ. ನನ್ನ ಕೋಟಿನ ಗುಂಡಿ ಹಿಡಿದು ಎಳೆದು, ಕಿವಿಯಲ್ಲಿ ಅಂದಿದ್ದಳು: "ಅಣ್ಣಾ, ಅವತ್ತು ಅವ್ರು ನಿನ್ನ ತಂದ್ಕೊಟ್ರು. ಈಗ ನಿನ್ ಸರದಿ. ಒಬ್ನೇ ಬಂದು ಬಾಗ್ಲು ಬಡೀಬೇಡ. ತೆಗೆಯಲ್ಲ."

ತೆಗೆಯುವುದಿಲ್ಲ ಅವಳು. ಗೊತ್ತು.


೨೫ ಏಪ್ರಿಲ್, ಭಾನುವಾರ. ಬೆಳಗಿನ ಐದೂವರೆ

ಬೋಟಿನಲ್ಲಿದ್ದೇವೆ. ಮೊಣಕಾಲಿಗೆ ಮೊಣಕಾಲು. ನೀರು ಕನ್ನಡಿ. ಹಿಂದಿನಿಂದ ಹಡಗಿನ ತೋಪುಗಳು — ಅಬ್ಬಾ, ಆಕಾಶವನ್ನು ಹರಿದು ಹಾಕುತ್ತಿವೆ. ದಡದಲ್ಲಿ ಕೋಟೆ ಧೂಳಾಗಿ ಏಳುತ್ತಿದೆ. "ಅಲ್ಲಿ ಇನ್ನೊಂದ್ ಇಲೀನೂ ಬದುಕಿರಲ್ಲ" ಅಂದ ಶದ್ರಕ್. ಹೇಡನ್ ಸುಮ್ಮನೆ ದಡಕ್ಕೆ ಕಿವಿ ಕೊಟ್ಟಿದ್ದಾನೆ. ಏನು ಕೇಳುತ್ತಿದೆಯೋ.

ತೋಪು ನಿಂತಿತು. ಎಷ್ಟು ಮೌನ —


ಅದೇ ದಿನ. ಸಂಜೆ

ಬದುಕಿದ್ದೇನೆ. ಹೇಡನ್ ಬದುಕಿದ್ದಾನೆ. ಮೊದಲು ಇದನ್ನೇ ಬರೆಯಬೇಕು.

ಮರಳಿನ ದಿಬ್ಬದ ಅಡಿಯಲ್ಲಿದ್ದೇವೆ. ಎದೆಯೆತ್ತರದ ದಿಬ್ಬ. ತಲೆ ಎತ್ತಿದವನ ತಲೆ ಇಲ್ಲ.

ಬೋಟಿನ ತಳ ಮರಳಿಗೆ ಉಜ್ಜಿತು. ಆಗ — ಪರದೆ ಎದ್ದಿತು! ಗುಡ್ಡ ಪೂರ್ತಿ ಒಂದೇ ಸಲ ಸಿಡಿಯಿತು. ಇಲಿಯಲ್ಲ, ಒಂದು ಸೈನ್ಯವೇ ಅಲ್ಲಿ ಉಸಿರು ಬಿಗಿಹಿಡಿದು ನಮ್ಮ ಪ್ರವೇಶಕ್ಕೆ ಕಾದಿತ್ತು. ಮಷಿನ್‌ಗನ್ ಬೋಟಿನ ಮೂತಿಯಿಂದ ಶುರುಮಾಡಿ ಬಾಲದವರೆಗೆ ಹೊಲಿದುಕೊಂಡು ಹೋಯಿತು. ಹುಟ್ಟು ಹಾಕುತ್ತಿದ್ದ ನಾವಿಕನ ಮುಖ ನನ್ನ ಎದೆಗೆ ಬಡಿಯಿತು. ಮುಖ ಮಾತ್ರ. ಸತ್ತವರಿಗೆ ಬೀಳಲು ಜಾಗವಿರಲಿಲ್ಲ. ಕೂತಲ್ಲೇ ಕೂತಿದ್ದರು, ಪ್ರಾರ್ಥನೆಗೆ ತಲೆ ಬಾಗಿಸಿದ ಹಾಗೆ. ಅವರ ತೊಡೆಗಳ ಮೇಲೆ ಕಾಲಿಟ್ಟು ಹಾರಿದೆ.

ನೀರು ಸೊಂಟದ ಮಟ್ಟ. ಅಷ್ಟೇ. ಆ ಸೊಂಟದ ಮಟ್ಟದ ನೀರಿನಲ್ಲಿ ಎಷ್ಟು ಜನ ಮುಳುಗಿದರು! ಒಂದು ಗುಂಡು ಕಾಲಿಗೆ ತಗುಲಿದರೆ ಸಾಕು, ಬೆನ್ನಿನ ಕುರಿಭಾರ ಕೆಳಗೆ ಒತ್ತಿ ಹಿಡಿಯುತ್ತದೆ. ನೀರಿನಡಿ ಮುಳ್ಳುತಂತಿ. ಟಾಮ್ ಲೂಯಿಸ್ ಅದಕ್ಕೆ ಸಿಕ್ಕಿಕೊಂಡು ನಿಂತಿದ್ದ. ನಿಂತೇ ಇದ್ದ. ಗುಂಡು ಬಿದ್ದಾಗಲೆಲ್ಲ ಕುಣಿಯುತ್ತಿದ್ದ. ಕಣಿವೆಯ ಗಾಯಕ ಮೇಳದಲ್ಲಿ ಅವನಷ್ಟು ಎತ್ತರದ ದನಿ ಇನ್ನೊಬ್ಬರದಿರಲಿಲ್ಲ. ಅಮ್ಮಾ ಅಂದ, ಅದೇ ಎತ್ತರದಲ್ಲಿ. ಆಮೇಲೆ ಅನ್ನಲಿಲ್ಲ.

ದಡದಿಂದ ಐವತ್ತು ಗಜದವರೆಗೆ ನೀರು ಕೆಂಪು. ಆರು ವರ್ಷ ನೀಲಿ ಬಟ್ಟೆಯಲ್ಲಿ ಮುಳುಗಿ ಚಪ್ಪಾಳೆ ತೆಗೆದುಕೊಂಡವನು ನಾನು. ಕೆಂಪು ಸಮುದ್ರ ಅಂದರೆ ಏನೆಂದು ಇವತ್ತು ಕಂಡೆ.

ಓಡಿದವರೆಲ್ಲ ಸತ್ತರು. ನಾವು ಓಡಲಿಲ್ಲ. ಹೇಡನ್ ನನ್ನ ಬೆಲ್ಟು ಹಿಡಿದು ಕೆಡವಿದ: "ಮಲಗು! ತಗ್ಗು ಸೀಮು ಅಂದ್ಕೋ!" ಎರಡಡಿ ಎತ್ತರದ ಕಲ್ಲಿದ್ದಲ ಪದರದಲ್ಲಿ ನಾವು ಹೇಗೆ ಸಾಗುತ್ತೇವೋ ಹಾಗೆ — ಪಕ್ಕಕ್ಕೆ ಹೊರಳಿ, ಒಂದು ಭುಜ ನೆಲಕ್ಕೆ, ಮೊಣಕೈಯಲ್ಲಿ ತಳ್ಳುತ್ತ. ಹೇಡನ್ ಮುಂದೆ, ತಂತಿ ಕತ್ತರಿಸುತ್ತ. ನನ್ನ ಮುಂದೆ ಒಂದು ಹೆಣ ತಳ್ಳಿಕೊಂಡು ನಾನು. ಯಾರ ಹೆಣ? ನೋಡಲಿಲ್ಲ. ಅದಕ್ಕೆ ಗುಂಡು ತಾಗಿದಾಗಲೆಲ್ಲ ನನ್ನ ಕೈಗೆ ಗುದ್ದಿದಂತಾಗುತ್ತಿತ್ತು. ದಿಬ್ಬ ತಲುಪಿದ ಮೇಲೆ ತಿರುಗಿಸಿದೆ. ನೋಡಬಾರದಿತ್ತು.

ಮೂವತ್ತೆಂಟರಲ್ಲಿ ಉಳಿದದ್ದು ಹದಿನಾಲ್ಕು. ಮೇಸ್ತ್ರಿ ಎರಡು ಸಲ ಎಣಿಸಿದರು. ಮೂರನೆಯ ಸಲ ಎಣಿಸಲು ಹೋಗಿ, ಬಿಟ್ಟುಬಿಟ್ಟರು.

ಶದ್ರಕ್ಕನ ಹಲ್ಲು ಮುರಿದಿದೆ. "ಕೊನೇದೂ ಹೋಯ್ತು. ಇನ್ನು ನನ್ನ ಗುರುತು ಹಿಡಿಯೋದ್ ಹೆಂಗಪ್ಪಾ ನನ್ ಹೆಂಡ್ತಿ?" ಯಾರಿಗೂ ನಗು ಬರಲಿಲ್ಲ. ಅವನಿಗೂ.

ಹೇಡನ್ ಓಲ್ವೆನ್ ಮಾಡಿಕೊಟ್ಟ ಶಾಹಿಜೀರಿಗೆ ಕೇಕು ತೆಗೆದ. ಉಪ್ಪುನೀರಲ್ಲಿ ಹಿಟ್ಟಾಗಿತ್ತು. ಬೆರಳಲ್ಲಿ ಬಳಿದು ತಿಂದೆವು.


೨೬ ಏಪ್ರಿಲ್, ಸೋಮವಾರ. ಮಧ್ಯಾಹ್ನ

ಕೋಟೆ ನಮ್ಮದಾಯಿತು. ಬಾಗಿಲಲ್ಲಿ ಬಯೊನೆಟ್ಟು, ಅಂಗಳದಲ್ಲಿ ಬಯೊನೆಟ್ಟು. ಇಬ್ಬರನ್ನು ಕೊಂದೆ. ಒಬ್ಬನ ಪಕ್ಕೆಲುಬಿನಲ್ಲಿ ಬಯೊನೆಟ್ಟು ಸಿಕ್ಕಿಹಾಕಿಕೊಂಡು ಬಿಡಲೊಲ್ಲದು. ಕಾಲಿಟ್ಟು ಒದ್ದು ಎಳೆಯಬೇಕಾಯಿತು.

ಮೂಲೆಯ ಬುರುಜಿನಡಿ ಒಂದು ನೆಲಮಾಳಿಗೆ. ಯಾರಾದರೂ ಅಡಗಿದ್ದಾರೋ ನೋಡಲು ಹೇಡನ್ ಇಳಿದ, ಅವನ ಹಿಂದೆ ನಮ್ಮ ತುಕಡಿಯ ಲೆನ್ ಹೊವೆಲ್. ಆ ಕ್ಷಣಕ್ಕೇ ಜಲಸಂಧಿಯ ಆಚೆ ದಡದಿಂದ ತುರ್ಕರ ಶೆಲ್ಲು — ಬುರುಜು ನಿಂತಲ್ಲೇ ಮಂಡಿಯೂರಿತು. ಕುಳಿತೇಬಿಟ್ಟಿತು.

ಧೂಳು.

ಅಳಬೇಕೆಂದು ಬಾಯಿ ತೆರೆದೆ. ಮೇಸ್ತ್ರಿ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ಕಿವಿ ಕಲ್ಲಿಗೆ.

ಮೂರು. ಸ್ವಲ್ಪ ಬಿಟ್ಟು — ಎರಡು.

ಇಬ್ಬರೂ ಬದುಕಿದ್ದಾರೆ! ಹೇಡನ್, ಲೆನ್. ಮೇಸ್ತ್ರಿ ಆಗಲೇ ಅಂಗಿ ಬಿಚ್ಚುತ್ತಿದ್ದಾರೆ. ಬರೆಯಲು ಹೊತ್ತಿಲ್ಲ.


೨೮ ಏಪ್ರಿಲ್, ಬುಧವಾರ. ಬೆಳಗಿನ ಒಂಬತ್ತು

ಎಡಗೈಯ ಎರಡು ಬೆರಳಿಲ್ಲ. ನಿನ್ನೆ ಹೋದವು. ಬಲಗೈ ಇದೆ, ಪೆನ್ಸಿಲ್ ಇದೆ. ಸೋಮವಾರದ್ದು ಬರೆಯಬೇಕು. ಬರೆಯದಿದ್ದರೆ ಅದು ತಲೆಯೊಳಗೆ ಮತ್ತೆ ಮತ್ತೆ ಆಡುತ್ತದೆ, ಪರದೆಯೇ ಬೀಳದ ನಾಟಕದಂತೆ.

ಐದು ಜನ ಅಗೆಯಲು ನಿಂತೆವು — ಮೇಸ್ತ್ರಿ, ಶದ್ರಕ್, ಲೂಕ್, ಅವನ ತಮ್ಮ, ನಾನು. ಪದ್ಧತಿಯಂತೆ ಅಂಗಿ ಬಿಚ್ಚಿ ಒಂದರ ಮೇಲೊಂದು ಇಟ್ಟೆವು. ಪದ್ಧತಿಯಂತೆ ಕೈಯಲ್ಲಿ ಗುದ್ದಲಿ ಬಿಟ್ಟು ಬೇರೆ ಕಬ್ಬಿಣವಿರಬಾರದು. ರೈಫಲ್ಲುಗಳನ್ನು ದೂರದ ಗೋಡೆಗೆ ಒರಗಿಸಿದೆವು. ಅಡ್ಡಸಾಲಾಗಿ ನಿಂತು ಕಲ್ಲು ಕೈಯಿಂದ ಕೈಗೆ. ಯಾರೂ ಮಾತಾಡಬಾರದು. ಲೆಫ್ಟಿನೆಂಟ್ ಓಡಿ ಬಂದರು.

"ಏನು ಮಾಡುತ್ತಿದ್ದೀರಿ? ಗುಡ್ಡಕ್ಕೆ ಹೊರಡಬೇಕು, ಈಗಲೇ! ಮತ್ತೆ ಮೈಮೇಲೆ ಬರುತ್ತಾರೆ ಅವರು!"

"ತಟ್ತಾ ಅವ್ರೆ ಸರ್" ಅಂದರು ಮೇಸ್ತ್ರಿ, ತಲೆ ಎತ್ತದೆ.

"ಇದು ಆಜ್ಞೆ, ಸಾರ್ಜೆಂಟ್."

"ಕೇಳಿಸ್ತು ಸರ್. ಆ ಸದ್ದೂ ನಿಮ್ಗೆ ಕೇಳ್ಲಿ. ಬನ್ನಿ, ಕಿವಿ ಇಡಿ."

ಲೆಫ್ಟಿನೆಂಟ್ ಪಿಸ್ತೂಲು ತೆಗೆದರು. ಬಳಿಕ ಮಂಡಿಯೂರಿ ಕಲ್ಲಿಗೆ ಕಿವಿ ಇಟ್ಟರು. ಮೂರು. ಎರಡು. ಎದ್ದಾಗ ಅವರ ಕೆನ್ನೆಯ ಮೇಲೆ ಸುಣ್ಣದ ಗುರುತು.

"ಹದಿನೈದು ನಿಮಿಷ. ದಯವಿಟ್ಟು ರೈಫಲ್ಲು ಹತ್ತಿರ ಇಟ್ಟುಕೊಳ್ಳಿ."

ಇಟ್ಟುಕೊಳ್ಳಲಿಲ್ಲ. ಅದೇ ತಪ್ಪು. ಅಲ್ಲ, ಮೊದಲನೆಯ ತಪ್ಪು.

ಹತ್ತನೆಯ ನಿಮಿಷಕ್ಕೆ ಕಲ್ಲಿನ ನಡುವೆ ಒಂದು ಕೈ ಸಿಕ್ಕಿತು. ಅಲುಗಲಿಲ್ಲ. ಎಳೆದೆವು. ಲೆನ್ ಹೊವೆಲ್. ತಲೆ ಚಪ್ಪಟೆ. ಬುರುಜು ಕುಸಿದಾಗಲೇ ಸತ್ತವನು. ಆದರೆ ಒಳಗೆ ತಟ್ಟುತ್ತಲೇ ಇತ್ತು. ಮೂರು — ಎರಡು. ಶದ್ರಕ್ ನನ್ನ ಮುಖ ನೋಡಿದ. "ಲೆನ್ ಇಲ್ಲಿ ಅವ್ನೆ. ಮತ್ತೆ ಎರಡ್ನೇಯೋನು ಯಾರೋ?"

"ಎಣಿಸು, ಅಗಿ" ಅಂದರು ಮೇಸ್ತ್ರಿ. ಅದೇ ಅವರ ಕೊನೆಯ ಮಾತು.

ಮುರಿದ ಗೋಡೆಯ ಹಿಂದಿನಿಂದ ಹೊಡೆದರು. ಮೂವರೋ ನಾಲ್ವರೋ ತುರ್ಕರು, ಇಪ್ಪತ್ತು ಹೆಜ್ಜೆ ದೂರದಲ್ಲಿ. ಮೇಸ್ತ್ರಿಯ ದವಡೆ ಹಾರಿಹೋಯಿತು. ಕಣ್ಣು ನನ್ನನ್ನೇ ನೋಡುತ್ತಿತ್ತು, ನಾಲಿಗೆ ಆಡುತ್ತಿತ್ತು, ಮಾತಾಗಲು ಬಾಯಿಯೇ ಇರಲಿಲ್ಲ. ಲೂಕ್ ಮತ್ತು ಅವನ ತಮ್ಮ ಒಬ್ಬರ ಮೇಲೊಬ್ಬರು ಬಿದ್ದರು. ಶದ್ರಕ್ ಹೊಟ್ಟೆ ಹಿಡಿದು ಕೂತ. ರೈಫಲ್ಲುಗಳು ಆ ದೂರದ ಗೋಡೆಗೆ! ಓಡಿದೆ. ಹೇಗೆ ತಲುಪಿದೆನೋ. ಲೆಫ್ಟಿನೆಂಟ್ ಪಿಸ್ತೂಲಿನಿಂದ ಇಬ್ಬರನ್ನು ಉರುಳಿಸಿದರು. ಒಬ್ಬನ ತಲೆಯನ್ನು ರೈಫಲ್ಲಿನ ಹಿಂಬದಿಯಿಂದ ಜಜ್ಜಿದೆ. ಕಲ್ಲಿದ್ದಲ ಗಟ್ಟಿ ಒಡೆಯುವ ಹಾಗೆ. ಬೇಕಿದ್ದಕ್ಕಿಂತ ಹೆಚ್ಚು ಸಲ.

ತಿರುಗಿ ನೋಡಿದರೆ ಶದ್ರಕ್, ಕರುಳನ್ನು ಒಂದು ಕೈಯಲ್ಲಿ ಒಳಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕಲ್ಲು ಎಳೆಯುತ್ತಿದ್ದಾನೆ. ದೊಡ್ಡ ಕಲ್ಲೊಂದು ಉರುಳಿತು. ತೂತು ಬಿತ್ತು. ತಲೆ ತೂರುವಷ್ಟು. "ಬಂತು ನೋಡು, ನಿನ್ ಬಾಗ್ಲು" ಅಂದ. ಹಾಗೆಯೇ ಮುಂದಕ್ಕೆ ಬಾಗಿ ಕಲ್ಲಿನ ಮೇಲೆ ಹಣೆಯಿಟ್ಟ. ಏಳಲಿಲ್ಲ.

ನಾನು ಬಯೊನೆಟ್ಟು ಹಿಡಿದೇ ಬಗ್ಗಿದೆ.

ಒಳಗೆ ಬೆಳಕು ಬಿತ್ತು. ಒಂದು ಮುಖ. ಹೇಡನ್ ಅಲ್ಲ. ಬಿಳಿ ಧೂಳು ಮೆತ್ತಿದ ದಪ್ಪ ಮೀಸೆ, ಕಿವಿಯಿಂದ ರಕ್ತ, ತುರ್ಕರ ಕೋಟು. ಕಣ್ಣು ಕುಕ್ಕಿದಂತಾಗಿ ಅರ್ಧ ಮುಚ್ಚಿದ. ಏನೋ ಅಂದ. ಬಲಗೈ ಹೊರಗೆ ಬಂತು, ನನ್ನ ಕಡೆಗೆ. ಮುಷ್ಟಿ ಬಿಗಿದಿತ್ತು.

ಆಗ ಅಬ್ಬರಿಸಿದೆ. ದೇವರೇ, ಎಂಥ ಅಬ್ಬರ ಅದು! ಮೇಸ್ತ್ರಿಯ ದವಡೆಗೆ, ಶದ್ರಕ್ಕನ ಕರುಳಿಗೆ, ಟಾಮ್ ಲೂಯಿಸನ ಕುಣಿತಕ್ಕೆ, ಎಲ್ಲದಕ್ಕೂ ಸೇರಿಸಿ ಒಂದೇ ಅಬ್ಬರ. ಆರು ವರ್ಷದ ಯಾವ ಫರೋಹನೂ ಹಾಗೆ ಗರ್ಜಿಸಿರಲಿಲ್ಲ. ಗರ್ಜಿಸುತ್ತಲೇ ಗಂಟಲ ಗುಂಡಿಯ ಕೆಳಗೆ ಬಯೊನೆಟ್ಟು ಇಳಿಸಿದೆ. ಹಿಡಿಯವರೆಗೆ. ತಿರುಚಿದೆ. ಮತ್ತೆ ಗರ್ಜಿಸಿದೆ.

ಅವನ ಮುಷ್ಟಿ ಬಿಚ್ಚಿತು. ಒಳಗಿದ್ದದ್ದು ಒಂದು ಕಲ್ಲು. ತಟ್ಟಿ ತಟ್ಟಿ ಒಂದು ಬದಿ ಸವೆದ, ಮೊಟ್ಟೆಗಾತ್ರದ ಕಲ್ಲು.

ನನ್ನ ಉಸಿರು ಮುಗಿಯಿತು. ಅಬ್ಬರ ನಿಂತಿತು. ನಿಂತ ಮೇಲೆ ಕೇಳಿಸಿತು. ಬಹಳ ಕೆಳಗಿನಿಂದ, ಆ ಸಣ್ಣ ದನಿ. ಎಷ್ಟು ಹೊತ್ತಿನಿಂದ ಕೂಗುತ್ತಿದ್ದನೋ.

"— ಬೇಡ ಕಣೋ! ಅವ್ನೇ ಕಂಬ! ಗೋಮರ್, ಅವ್ನೇ ಕಂ —"

ಆಗ ನೋಡಿದೆ. ಆಗ! ತುರ್ಕನು ಮಂಡಿ, ಮೊಣಕೈ ಊರಿ ನಾಲ್ಕು ಕಾಲಿನ ಪಶುವಿನಂತೆ ನಿಂತಿದ್ದ. ಅವನ ಎರಡೂ ಭುಜದ ಮೇಲೆ ಅಡ್ಡ ತೊಲೆ. ತೊಲೆಯ ಮೇಲೆ ಇಡೀ ಬುರುಜು. ಅವನ ಹೊಟ್ಟೆಯಡಿಯ ಕತ್ತಲೆಯಲ್ಲಿ ಹೇಡನ್‌ನ ಬೂಟು.

ಅವನ ತೋಳು ನಡುಗಿತು. ನನ್ನನ್ನೇ ನೋಡುತ್ತಿದ್ದ. ಗಂಟಲಿಂದ ರಕ್ತ ಸುರಿಯುತ್ತಿದ್ದರೂ ಮೂರು ಉಸಿರಿನಷ್ಟು ಹೊತ್ತು ಹಾಗೇ ಹೊತ್ತು ನಿಂತ. ಎಣಿಸಿದ್ದೇನೆ. ಮೂರು. ತೊಲೆಯಡಿ ನನ್ನ ಭುಜ ಕೊಡಲು ಹೋದೆ. ತೂತಿನಲ್ಲಿ ಭುಜ ಹಿಡಿಸಲಿಲ್ಲ.

ಆಮೇಲೆ ಎಲ್ಲ ಕುಳಿತುಕೊಂಡಿತು.

ಹನ್ನೆರಡು ವರ್ಷ ಕಂಬ ಕೊಟ್ಟವನು ನಾನು. ತಲೆ ಎತ್ತಿ ನೋಡಲಿಲ್ಲ.

ಲೆಫ್ಟಿನೆಂಟ್ ನನ್ನ ಬೆಲ್ಟು ಹಿಡಿದು ಎಳೆದುಕೊಂಡು ಹೋದರು. ಗುಡ್ಡಕ್ಕೆ. ಮಂಗಳವಾರವಿಡೀ ಗುಡ್ಡ. ಅಲ್ಲಿ ಏನಾಯಿತೆಂದು ಬರೆಯುವುದಿಲ್ಲ. ಲೆಫ್ಟಿನೆಂಟ್ ಸತ್ತರು. ನನ್ನ ಬೆರಳು ಹೋದವು. ಹದಿನಾಲ್ಕರಲ್ಲಿ ಈಗ ಎಷ್ಟೋ ಗೊತ್ತಿಲ್ಲ. ಎಣಿಸುವವರಿಲ್ಲ.

ಒಂದೇ ಯೋಚನೆ. ಎರಡು ಅಂತ ತಟ್ಟಿಸಿದ್ದು ಹೇಡನ್. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆ ಕತ್ತಲೆಯಲ್ಲಿ ತುರ್ಕನ ಕೈ ಹಿಡಿದು ಕಲಿಸಿರಬೇಕು, ಮೊದಲು ಮೂರು, ಆಮೇಲೆ ಇಬ್ಬರಿಗೆ ಎರಡು. ಹೇಡನ್ ಅವನನ್ನೂ ಎಣಿಸಿದ್ದ. ನಾನು ಎಣಿಸಲಿಲ್ಲ.


ಅದೇ ದಿನ. ಹನ್ನೊಂದು

ಗಾಯಾಳುಗಳ ಬೋಟು ನಾಲ್ಕಕ್ಕೆ. ಆಸ್ಪತ್ರೆ ಹಡಗು, ಅಲ್ಲಿಂದ ಮನೆ. ನನ್ನ ಕೋಟಿಗೆ ಚೀಟಿ ಕಟ್ಟಿದ್ದಾರೆ. "ಅದೃಷ್ಟವಂತ ಕಣಯ್ಯಾ ನೀನು, ಎಡಗೈ" ಅಂದ ಪಟ್ಟಿ ಕಟ್ಟುವವ.

ತೀರಕ್ಕೆ ಹೋಗುವ ದಾರಿ ಕೋಟೆಯ ಅಂಗಳದಿಂದಲೇ. ಮೇಸ್ತ್ರಿ, ಶದ್ರಕ್, ಲೆನ್, ಲೂಕ್, ಅವನ ತಮ್ಮ. ಹೂತಿಲ್ಲ ಇನ್ನೂ. ಬಿಸಿಲಿಗೆ ಊದಿದ್ದಾರೆ. ಅಂಗಿಗಳು ಮಾತ್ರ ನಾವು ಇಟ್ಟ ಹಾಗೇ, ಒಂದರ ಮೇಲೊಂದು. ಮೇಲಿನದು ನನ್ನದು.

ಅಂಗಿ ತೆಗೆದುಕೊಂಡು ಹೋಗೋಣವೆಂದು ಬಗ್ಗಿದೆ.


ಹನ್ನೊಂದೂವರೆ

ಭ್ರಮೆ. ಎರಡು ದಿನದಿಂದ ಕಿವಿಯೊಳಗೆ ಅದೇ ತಟ್ಟುವ ಸದ್ದು. ತೋಪಿನ ಸದ್ದಿಗೂ ಕಲ್ಲು ಹೀಗೆ ಮಿಡಿಯುತ್ತದೆ.

ಭ್ರಮೆಯಲ್ಲ. ಏನೋ ಇದೆ. ಲೆಕ್ಕ ಹಿಡಿಯಲು ಆಗುತ್ತಿಲ್ಲ.


ಎರಡು ಗಂಟೆ

ಅಂಗಿ ಬಿಚ್ಚಿದ್ದೇನೆ. ಒಂದೇ ಕೈ. ಮೇಸ್ತ್ರಿಯ ಗುದ್ದಲಿ. ಈ ಸಲ ಮೇಲಿನಿಂದ ಅಲ್ಲ, ಪಕ್ಕದಿಂದ. ನೂರು ಸಲ ತಲೆ ಎತ್ತಿ ನೋಡಿದ್ದೇನೆ, ಯಾವ ಕಲ್ಲಿನ ಮೇಲೆ ಏನು ಕೂತಿದೆ ಎಂದು. ಬುರುಜಿನ ಮುರಿದ ಬಾಗಿಲಿನ ಚೌಕಟ್ಟನ್ನು ಕಡಿದು ಎರಡು ಕಂಬ ಕೊಟ್ಟೆ. ನಿಂತಿವೆ. ಚೆನ್ನಾಗಿ ನಿಂತಿವೆ. ದಾರಿಹೋಕ ಸಿಪಾಯಿಯೊಬ್ಬ ಕೇಳಿದ: "ಏನಯ್ಯಾ, ಯಾರಿಗೆ ಅಗೀತಿದ್ದೀಯ? ನಮ್ಮೋನಾ, ಅವ್ರೋನಾ?"

ಇನ್ನೊಂದು ಕಲ್ಲು ಎಳೆದೆ. ಅಗೆಯುವಾಗ ಮಾತಾಡಬಾರದು.


ನಾಲ್ಕಕ್ಕೆ ಹತ್ತು ನಿಮಿಷ

ತೀರದಲ್ಲಿ ಬೋಟಿನ ಸಿಳ್ಳೆ. ಒಂದು ಸಲ. ಎರಡು ಸಲ.

ಹೋಗಲಿ.

ಮೊಣಕೈವರೆಗೆ ಒಳಗಿದ್ದೇನೆ. ತುರ್ಕನ ಕೋಟು ಕೈಗೆ ಸಿಕ್ಕಿದೆ. ಅದರಾಚೆ ಟೊಳ್ಳು. ಗಾಳಿ ಇದೆ, ಬೆರಳಿಗೆ ತಣ್ಣಗೆ ತಾಕುತ್ತಿದೆ. ಅವನ ಕಲ್ಲು ಎತ್ತಿಕೊಂಡು ಮೂರು ಸಲ ತಟ್ಟಿದೆ.

ಕೂಗಬೇಕೆನಿಸುತ್ತದೆ, ಹೇಡನ್ ಎಂದು, ಈ ಗುಡ್ಡವೆಲ್ಲ ನಡುಗುವ ಹಾಗೆ. ಕೂಗುವುದಿಲ್ಲ. ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದೇನೆ. ಕಿವಿ ಕಲ್ಲಿಗೆ. ಬಲಗೈಯಲ್ಲಿ ಪೆನ್ಸಿಲ್.

ಒಳಗಿನಿಂದ ತಟ್ಟುತ್ತಿದೆ. ಒಂದು. ಎರಡು. ಮೂರು.

ನಿಂತಿತು.

ಈಗ